ಎಡದಿಂದ ಬಲಕ್ಕೆ

ಒಂದು ಮನೆ, ಆ ಮನೆಗೊಬ್ಬಳು ದೊಡ್ಡಮ್ಮ. ಗಂಡ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿದವಳು, ಅಡುಗೆಯಲ್ಲಿ ಎತ್ತಿದ ಕೈ. ಹಬೆ ಮೂಸಿಯೇ ಒಲೆ ಆರಿಸುವ ಹೊತ್ತು ಹೇಳುತ್ತಿದ್ದಳು. ತಂಗಿ, ತಂಗಿಯ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು; ಅವರಿಗೊಂದು ಪುಟ್ಟ ಮಗು. ಮನೆಯ ಹೊಟ್ಟೆಯೆಲ್ಲ ಅವಳ ಕೈಯಲ್ಲಿತ್ತು. ಇನ್ನೊಬ್ಬರ ಸೂರಿನಡಿ ತಲೆಯೆತ್ತಿ ಓಡಾಡಲು ಅವಳಿಗಿದ್ದ ಹಕ್ಕು ಅದೊಂದೇ.

ಹೋದ ಚಳಿಗಾಲ ಒಂದು ಜ್ವರ ಬಂತು. ಕರೆಯದೆ ಬಂದ ನೆಂಟನ ಹಾಗೆ ತಿಂದು, ಮಲಗಿ, ಹೋಗುವಾಗ ಅವಳ ಮೂಗನ್ನೇ ಗಂಟು ಕಟ್ಟಿಕೊಂಡು ಹೋಯಿತು. ಈರುಳ್ಳಿ ಸೀದರೂ ತಿಳಿಯದು. ನಾಲಿಗೆಯಂತೂ ಮರದ ತುಂಡು. ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಅಳತೆ ಕೈಗೆ ಗೊತ್ತಿತ್ತು, ಅಡುಗೆ ನಡೆಯಿತು. ಹೆದರಿಕೆಯೆಲ್ಲ ಮಿಕ್ಕಿದ್ದರ ಬಗ್ಗೆ. ಹಳಸಿದ್ದನ್ನು ಮೂಗಿಲ್ಲದವಳು ಹಿಡಿಯುವುದು ಹೇಗೆ?

ಅದಕ್ಕೇ ಫ್ರಿಜ್ಜಿಗೊಂದು ಕಾನೂನು ತಂದಳು. ಹೊಸದು ಎಡಕ್ಕೆ, ಹಳೆಯದು ಸರಿಯುತ್ತ ಸರಿಯುತ್ತ ಬಲಕ್ಕೆ. ಬಲತುದಿ ಮುಟ್ಟಿದ್ದು ಅಂದೇ ಮುಗಿಯಬೇಕು, ಇಲ್ಲವೇ ಕಸದ ಬುಟ್ಟಿ ಕಾಣಬೇಕು. ಹಸಿ ಮಾಂಸ ಯಾವುದರ ಮೇಲೂ ತೊಟ್ಟಿಕ್ಕದಂತೆ ಎಲ್ಲಕ್ಕಿಂತ ಕೆಳಗೆ. ಫ್ರೀಜರಿನಿಂದ ಇಳಿದು ಕರಗಿದ್ದು ಮತ್ತೆ ಮೇಲೆ ಹತ್ತುವಂತಿಲ್ಲ. ಫ್ರಿಜ್ಜು ತೆರೆಯೋಕೆ ಟಿಕೆಟ್ ತಗೋಬೇಕೇನು ಅತ್ತಿಗೆ ಎಂದು ತಂಗಿಯ ಗಂಡ ಕಾಲೆಳೆಯುತ್ತಿದ್ದ. ನಿನಗೆ ಅರ್ಧ ಟಿಕೆಟ್ ಸಾಕು ಬಿಡಪ್ಪ ಎಂದು ಅವಳೂ ನಗುತ್ತಿದ್ದಳು.

ಒಂದು ರಜೆಯ ದಿನ, ಪಾಪ, ಅಕ್ಕನಿಗೆ ಕೈ ನೋವಲ್ಲವೇ ಎಂದುಕೊಂಡ ತಂಗಿ, ಅವಳು ಸ್ನಾನಕ್ಕೆ ಹೋದಾಗ ಫ್ರಿಜ್ಜನ್ನೆಲ್ಲ ಖಾಲಿ ಮಾಡಿ ಒರೆಸಿಬಿಟ್ಟಳು. ಆಮೇಲೆ ದೊಡ್ಡ ಡಬ್ಬಿ ಹಿಂದೆ, ಚಿಕ್ಕವು ಮುಂದೆ, ಕಣ್ಣಿಗೆ ಚೆಂದ ಕಾಣುವಂತೆ ಜೋಡಿಸಿಟ್ಟಳು. ದೊಡ್ಡಮ್ಮ ಬಂದು ನೋಡಿ ಚೆನ್ನಾಗಿದೆ ಕಣೇ ಎಂದಳು. ಯಾವುದು ಹೊಸದು, ಯಾವುದು ಹಳೆಯದು, ಗುರುತೇ ಉಳಿದಿರಲಿಲ್ಲ.

ಬೇಯಿಸಿದ ಕೋಳಿಯ ಡಬ್ಬಿಗಳು ಎರಡಿದ್ದವು, ಅವಳಿಜವಳಿಗಳ ಹಾಗೆ. ಒಂದು ನಿನ್ನೆಯದು; ಇನ್ನೊಂದು ಅಂದೇ ಎಸೆಯಬೇಕಾಗಿದ್ದದ್ದು. ಎರಡನ್ನೂ ಚೆಲ್ಲೋಣವೆಂದರೆ ತಂಗಿ ಯಾಕೆಂದು ಕೇಳದೆ ಬಿಡುವವಳಲ್ಲ. ಮಗುವೋ, ಬೆಳಗಿನಿಂದ ಕೋಳಿ ಕೋಳಿ ಎಂದು ಸೆರಗು ಹಿಡಿದಿತ್ತು. ಎರಡನ್ನೂ ತೆರೆದು ಮೂಸಿದಳು. ಬತ್ತಿದ ಬಾವಿಗೆ ಕೊಡ ಇಳಿಬಿಟ್ಟಂತಾಯಿತು. ಕೊನೆಗೆ ಒಂದನ್ನು ಬಿಸಿ ಮಾಡಿ ಬಡಿಸಿದಳು.

ಮಗು ತುತ್ತೆತ್ತಿತ್ತು. ಒಳಗೆ ಬಂದ ತಂಗಿ ಓಡಿಹೋಗಿ ಅದರ ಕೈ ಹಿಡಿದಳು.

“ಅಕ್ಕಾ, ಕೆಟ್ಟು ನಾರ್ತಿದೆಯಲ್ಲೇ. ನಿಂಗೆ ವಾಸನೆ ಬರ್ಲಿಲ್ವಾ?”

ದೊಡ್ಡಮ್ಮ ತಟ್ಟೆ ಎಳೆದುಕೊಂಡು ಮತ್ತೆ ಮೂಸಿದಳು. ತಂಗಿ ಅವಳ ಮುಖವನ್ನೇ ನೋಡಿದಳು.

“ಯಾವಾಗಿಂದ?”

“ಜ್ವರ ಬಂದಾಗಿಂದ.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಂಗಿ ಅಪ್ಪಿಕೊಂಡು ಅತ್ತಳು. “ಇಷ್ಟು ವರ್ಷ ಬೇಯಿಸಿ ಹಾಕಿದ್ದು ಸಾಕು. ಇನ್ಮೇಲೆ ನೀನು ಒಲೆ ಹತ್ರ ಬರ್ಬೇಡ, ನಾನು ನೋಡ್ಕೋತೀನಿ.”

ನೀನು ಮೂಸಿ ಹೇಳು, ನಾನೇ ಮಾಡ್ತೀನಿ ಅನ್ನಬೇಕೆಂದಿತ್ತು. ಆದರೆ ತುತ್ತೆತ್ತಿದ ಆ ಪುಟ್ಟ ಕೈ ಕಣ್ಣಿಗೆ ಕಟ್ಟಿತ್ತು. ಹೂಂ ಎಂದಳು.

ಸಂಜೆ ಎಲ್ಲರಿಗಿಂತ ಮೊದಲು ಅವಳನ್ನೇ ಕೂರಿಸಿ ಬಡಿಸಿದರು. ಅವಳು ಮಗುವಿನ ಮುಖ ನೋಡಿದಳು. ಇಷ್ಟು ತಿಂಗಳು ಅವಳು ರುಚಿ ಕಂಡದ್ದು ಆ ಮುಖದಲ್ಲೇ: ಮಗು ಕಣ್ಣರಳಿಸಿ ತನ್ನ ಕಡೆ ತಿರುಗಿದರೆ ಅಡುಗೆ ಹದವಾಗಿದೆಯೆಂದು ಲೆಕ್ಕ.

ಮಗು ಒಂದು ತುತ್ತು ತಿಂದು, ಕಣ್ಣರಳಿಸಿ, ಅಮ್ಮನ ಕಡೆ ತಿರುಗಿತು.

“ರುಚಿಯಾಗಿದೆ ಕಣೇ,” ಎಂದು ದೊಡ್ಡಮ್ಮ ತಟ್ಟೆಯಲ್ಲಿದ್ದದ್ದನ್ನೆಲ್ಲ ನುಂಗಿದಳು.