ಅಕ್ಷರ ಕಾಣುವ ಡಬ್ಬಿ

ಹಾಲಿನ ಡೇರಿಯ ಕಚೇರಿಯೆಂದರೆ ಒಂದೇ ಕೋಣೆ. ಅರ್ಧಕ್ಕೆ ಬೂಸಾ ಮೂಟೆಗಳು, ಉಳಿದರ್ಧದಲ್ಲಿ ಒಂದು ಮೇಜು, ಅದರ ಮೇಲೆ ಕಂಪ್ಯೂಟರು. ಮೂಟೆ ಇಳಿಸಿದಾಗಲೆಲ್ಲ ಏಳುವ ಧೂಳು ಹೋಗಿ ಕೂರುವುದು ಕೀಬೋರ್ಡಿನ ಸಂದಿಯಲ್ಲಿ. ಹಾಗಾಗಿ ಹಾಲು ಪರೀಕ್ಷೆ ಮಾಡುವವಳ ಪಾಸ್‌ವರ್ಡ್ ತಪ್ಪು ಎಂದು ಪರದೆ ಮತ್ತೆ ಮತ್ತೆ ಹೇಳತೊಡಗಿದಾಗ ಮೊದಲ ಅನುಮಾನ ಧೂಳಿನ ಮೇಲೇ ಹೋಯಿತು.

“ಹೊಟ್ಟೆ ತುಂಬ ತಿಂದೂ ಒದೆಯೋ ಜಾತಿ ಕಣೇ ಇದು,” ಎಂದು ಲೆಕ್ಕ ಬರೆಯುವಾಕೆ ಕೀಬೋರ್ಡನ್ನು ಬೋರಲು ಹಾಕಿ ಬೆನ್ನು ತಟ್ಟಿದಳು. ಬೂಸಾ ಉದುರಿತು, ಜೊತೆಗೊಂದು ಸತ್ತ ಇರುವೆ. “ತಗೋ, ಈಗ ಹೊಡಿ.”

ಹೊಡೆದಳು. ಸಾಲಾಗಿ ಕಪ್ಪು ಚುಕ್ಕೆಗಳು ಮೂಡಿದವು. ಮತ್ತೆ ತಪ್ಪು. ಇನ್ನೊಂದು ಸಲ ತಪ್ಪಿದರೆ ಖಾತೆಗೆ ನಾಳೆಯವರೆಗೆ ಬೀಗ ಎಂಬ ಕೆಂಪು ಸಾಲು ಬಂತು.

ನಾಳೆ ಎಂದರೆ ಕೆಲಸ ಕೆಟ್ಟಿತು. ಊರೂರಿನ ಹಾಲು ಹೋಗಿ ತಣ್ಣಗಾಗುವ ಚಿಲ್ಲಿಂಗ್ ಸೆಂಟರಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಇರಲು ಎರಡು ಕೋಣೆಯ ಮನೆಯೂ ಉಂಟು. ಒಪ್ಪಿಗೆಯನ್ನು ಈ ಸಂಜೆಯೊಳಗೆ ಮೇಲ್‌ನಲ್ಲಿ ಕಳಿಸಬೇಕು. ಮದುವೆಯಾದಾಗಿನಿಂದ ಅವಳು ಗಂಡನ ಜೊತೆ ಅವನ ಅಣ್ಣನ, ಅಂದರೆ ಭಾವನ, ಮನೆಯಲ್ಲಿದ್ದಳು. ಬೆಳಿಗ್ಗೆ ಸಂಜೆ ಡೇರಿಯಲ್ಲಿ ದುಡಿಮೆ, ನಡುವೆ ಅಡುಗೆ. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸುವುದು, ಬಟ್ಟೆ ಬದಲಿಸುವುದು. ಭಾವನ ಹೆಂಡತಿ ಆ ಕೋಣೆಯ ಹೊಸಿಲು ತುಳಿದವಳಲ್ಲ.

ಆ ಭಾವನೇ ಡೇರಿಯ ಕಾರ್ಯದರ್ಶಿ. “ಹೋಗ್ಲಿ ಬಿಡಿ, ಚೆನ್ನಾಗಿರ್ಲಿ. ನಾನ್ಯಾಕೆ ಅಡ್ಡ ಬರ್ಲಿ,” ಎಂದು ಹಾಲು ಹಾಕಲು ಬಂದವರೆದುರೆಲ್ಲ ಹೇಳಿದ್ದ. ಈಗ ಕ್ಯಾನುಗಳ ಲೆಕ್ಕ ಬಿಟ್ಟು ಒಳಗೆ ಬಂದು ಅವಳ ಬೆನ್ನ ಹಿಂದೆ ನಿಂತ.

“ಏನಮ್ಮಾ, ಇನ್ನೂ ಆಗ್ಲಿಲ್ವಾ?”

“ಸರಿಯಾಗೇ ಹೊಡೀತಿದ್ದೀನಿ ಭಾವ. ತಗೊಳ್ತಾನೇ ಇಲ್ಲ.”

“ಚುಕ್ಕೆ ನೋಡಿದ್ರೆ ಏನು ಗೊತ್ತಾಗುತ್ತೆ? ಮೇಲಿನ ಡಬ್ಬೀಲಿ ನಿನ್ನ ಹೆಸರಿದೆಯಲ್ಲ, ಅದನ್ನ ಅಳಿಸಿ ಅಲ್ಲಿ ಹೊಡಿ. ಅಕ್ಷರ ಕಾಣುತ್ತೆ.”

ಅವಳು ಕೀಬೋರ್ಡಿನಿಂದ ಕೈ ಹಿಂದೆಗೆದಳು. “ಅದನ್ನ ಯಾರಿಗೂ ತೋರಿಸ್ಬಾರ್ದು ಅಂತಾರೆ...”

“ಓಹೋ. ನಾನು ಯಾರೋ ಆದ್ನಾ?”

“ಅಯ್ಯೋ, ಹಾಗಲ್ಲ ಭಾವ.”

“ಮನೆಯವರು ನೋಡಿದ್ರೆ ಸವೆದು ಹೋಗುತ್ತಾ?” ಎಂದು ಲೆಕ್ಕದಾಕೆ ನಕ್ಕಳು. “ಹೊಡಿಯೇ, ಹೊತ್ತು ಮುಳುಗ್ತಾ ಬಂತು.”

ಅವಳು ಹೊಡೆದಳು. ಡಬ್ಬಿಯಲ್ಲಿ ಮೂಡಿದ್ದು ಇಂಗ್ಲಿಷ್ ಅಲ್ಲ, ನಮ್ಮದೇ ಅಕ್ಷರ, ಓದಿದರೆ ತಲೆಬುಡವಿಲ್ಲ. ಲೆಕ್ಕದಾಕೆ ನಾಲಿಗೆ ಕಚ್ಚಿಕೊಂಡಳು. ಬೆಳಿಗ್ಗೆ ಬೂಸಾ ದರದ ನೋಟೀಸು ಟೈಪು ಮಾಡಿದ್ದವಳು ಭಾಷೆಯನ್ನು ಹಿಂದಕ್ಕೆ ಬದಲಿಸಿರಲಿಲ್ಲ. ಚುಕ್ಕೆಗಳ ಮರೆಯಲ್ಲಿ ಅದು ಕಂಡಿರಲೂ ಇಲ್ಲ.

ಭಾವ ಕೈ ಚಾಚಿ ಮೇಲಿನ ಸಾಲಿನ ಒಂದು ಗುಂಡಿ ಒತ್ತಿದ. “ಈಗ ಸರಿಹೋಯ್ತು.”

ಅವಳು ಕೆಳಗಿನ ಡಬ್ಬಿಗೆ ಹೋಗುತ್ತಿದ್ದಂತೆ ತಡೆದ. “ಆತುರ ಬೇಡ. ಉಳಿದಿರೋದು ಒಂದೇ ಸಲ. ಮೇಲೇ ಇನ್ನೊಂದ್ಸಲ ಹೊಡೆದು ನೋಡ್ಕೋ.”

ಮಾತು ಸರಿಯಾಗಿಯೇ ಇತ್ತು. ಅವಳು ಹೊಡೆದಳು. ಭಾವ ಬಗ್ಗಿ, ಇಂಗ್ಲಿಷ್ ಅಕ್ಷರಗಳನ್ನು ಮಗು ಓದುವ ಹಾಗೆ ಕೂಡಿಸಿ ಓದಿದ: “ಬೇ...ರೆ... ಒ...ಲೆ.”

ಲೆಕ್ಕದಾಕೆ ಎದ್ದು ಮೂಟೆಗಳನ್ನು ಎಣಿಸುವವಳಂತೆ ಆಚೆ ಹೋದಳು. ಹಾಲು ಪರೀಕ್ಷೆಯವಳು ಕಿವಿಯವರೆಗೆ ಕೆಂಪಾದಳು.

“ಒಳ್ಳೇ ಹೆಸರು ಇಟ್ಟಿದ್ದೀಯ,” ಎಂದ ಭಾವ ತಣ್ಣಗೆ. “ಹೂಂ, ಈಗ ಕೆಳಗೆ ಹೊಡಿ.”

ಖಾತೆಯ ಬಾಗಿಲು ತೆರೆಯಿತು. ‘ಒಪ್ಪಿಗೆ ಇದೆ, ಬರುತ್ತೇನೆ’ ಎಂದು ಬರೆದು ಕಳಿಸಿದಳು. ಓದಿದ್ದಕ್ಕೆ ನೊಂದಿದ್ದರೂ ಆದ ಉಪಕಾರ ದೊಡ್ಡದೆನಿಸಿತು. “ನೀವಿಲ್ದಿದ್ರೆ ಆಗ್ತಿರ್ಲಿಲ್ಲ ಭಾವ.”

“ನಡಿ, ನಡಿ. ಅಮ್ಮ ಕಾಯ್ತಿರ್ತಾಳೆ. ಬೀಗ ನಾನು ಹಾಕ್ಕೊಂಡು ಬರ್ತೀನಿ.”

ಸೇರಬೇಕಾದ ದಿನ ಗಂಡ ಹೆಂಡತಿ ಒಂದು ಟ್ರಂಕು, ಎರಡು ಗಂಟು ಹೊತ್ತು ಬಸ್ಸಿಳಿದರು. ಚಿಲ್ಲಿಂಗ್ ಸೆಂಟರಿನ ಮೇಲಧಿಕಾರಿಗೆ ಅವರನ್ನು ಕಂಡು ಆಶ್ಚರ್ಯ.

“ಬರಲ್ಲ ಅಂತ ಬರೆದವರು ನೀವೇ ಅಲ್ವೇನಮ್ಮ?”

“ನಾನಾ? ಬರ್ತೀನಿ ಅಂತ ಬರೆದಿದ್ದೆ ಸಾರ್.”

“ಅದು ಮೊದಲ್ನೇದು. ಆಮೇಲೆ ಅದೇ ಸಂಜೆ ಇನ್ನೊಂದು ಬಂತಲ್ಲ? ಅತ್ತೆಗೆ ಹುಷಾರಿಲ್ಲ, ಬಿಟ್ಟು ಬರೋಕೆ ಮನಸ್ಸಿಲ್ಲ, ಬೇರೆಯವರಿಗೆ ಕೊಡಿ ಅಂತ. ನಿಮ್ಮ ಮೇಲ್‌ನಿಂದಲೇ. ನಿಮ್ಮ ಒಳ್ಳೇ ಮನಸ್ಸು ನೋಡಿ ನಮ್ಮ ಆಫೀಸಲ್ಲೆಲ್ಲ ಹೊಗಳಿದ್ರು.”

ಸೆಂಟರಿನ ಹಿಂದಿದ್ದ ಎರಡು ಕೋಣೆಯ ಮನೆಯ ಮುಂದೆ ಆಗಲೇ ಯಾರದೋ ಮಗುವಿನ ಅಂಗಿ ಒಣಗುತ್ತಿತ್ತು.

ವಾಪಸು ಬಸ್ಸಿನಲ್ಲಿ ಅವಳು ಗಂಡನಿಗೆ, ಭಾವ ಪಾಸ್‌ವರ್ಡ್ ಓದಿದ್ದನ್ನು ಹೇಳಿದಳು. ಅವನು, “ಅಣ್ಣ ಬೇಕೂಂತ ಮಾಡಿರಲ್ಲ. ಅಮ್ಮನ ಮೇಲಿನ ಪ್ರೀತಿಗೆ...” ಎಂದ. ಅವಳು ಅವನ ಕಡೆ ತಿರುಗಲಿಲ್ಲ.

ಮನೆ ಮುಟ್ಟುವಾಗ ಭಾವ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಗಂಡ ಟ್ರಂಕು ಹೊತ್ತು ತಲೆ ತಗ್ಗಿಸಿ ಒಳಗೆ ನಡೆದ.

“ಬೆಳಿಗ್ಗೆ ಬೇಗ ಡೇರಿಗೆ ಬಾ,” ಎಂದ ಭಾವ ಅವಳಿಗೆ. “ನಿನ್ನ ಜಾಗಕ್ಕೆ ಯಾರನ್ನೂ ಹುಡುಕಿಲ್ಲ.”

“ಯಾಕೆ ಹುಡುಕ್ಲಿಲ್ಲ ಭಾವ?”

ಅವನು ಅವಳನ್ನೇ ನೋಡಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

“ಯಾಕೆ ಹುಡುಕ್ಬೇಕಿತ್ತು?” ಎಂದು ಕೇಳಿ, ಕುಡಿಯಲು ನೀರು ತರಹೇಳಿದ.