ಹತ್ತು ಗಂಟೆಯ ಪೇಷಂಟು

ನನ್ನ ಕೆಲಸ ಸುಳ್ಳು ಹೇಳುವುದು. ಅದಕ್ಕೆ ಸಂಶೋಧನೆ ಎಂಬ ಹೆಸರಿತ್ತು, ಮೇಲಿನವರ ಒಪ್ಪಿಗೆ ಪತ್ರವಿತ್ತು, ಕಿವಿಗೆ ಸಿಕ್ಕಿಸಿಕೊಳ್ಳಲು ಹೆಡ್‌ಫೋನೂ ಇತ್ತು. ಪಟ್ಟಿಯಲ್ಲಿದ್ದ ಪ್ರತಿಯೊಂದು ಮನೋರೋಗ ಕ್ಲಿನಿಕ್ಕಿಗೂ ಎರಡೆರಡು ಸಲ ಫೋನ್ ಮಾಡಬೇಕು. ಮೊದಲ ಸಲ, "ನಮ್ಮಕ್ಕ ಮೂರು ವಾರದಿಂದ ಸರಿಯಾಗಿ ನಿದ್ದೆ ಮಾಡಿಲ್ಲ, ಯಾರ ಹತ್ರಾನೂ ಮಾತಾಡ್ತಿಲ್ಲ. ಸ್ವಂತ ಖರ್ಚಲ್ಲಿ ತೋರಿಸ್ತೀವಿ." ಅರ್ಧ ಗಂಟೆ ಬಿಟ್ಟು ಇನ್ನೊಂದು ನಂಬರಿನಿಂದ, ಸ್ವಲ್ಪ ದನಿ ಬದಲಿಸಿ, ಅದೇ ಅಕ್ಕ, ಅದೇ ನಿದ್ದೆ. ಕೊನೆಯ ಮಾತು ಮಾತ್ರ ಬೇರೆ: "ನಮ್ಮ ಹತ್ರ ಸರ್ಕಾರಿ ಆರೋಗ್ಯ ಕಾರ್ಡಿದೆ." ಎರಡಕ್ಕೂ ಯಾವ ದಿನ ಕೊಡುತ್ತಾರೆಂದು ಬರೆದುಕೊಂಡು, ಒಂದು ಗಂಟೆಯೊಳಗೆ ಫೋನ್ ಮಾಡಿ ಎರಡನ್ನೂ ರದ್ದು ಮಾಡಬೇಕು. ಅದು ನಿಯಮ.

ಫಾರಂನ ಕೊನೆಯ ಕಾಲಂ 'ಮೌನ, ಸೆಕೆಂಡುಗಳಲ್ಲಿ'. ನಮ್ಮ ಮಾತು ಮುಗಿದ ಮೇಲೆ ಆ ಕಡೆಯವರು ಉತ್ತರಿಸಲು ತೆಗೆದುಕೊಳ್ಳುವ ಹೊತ್ತು. ಬೇರೆಯವರು ಅದನ್ನು ಅಂದಾಜಿನಲ್ಲಿ ತುಂಬುತ್ತಿದ್ದರು. ನಾನು ಎಣಿಸುತ್ತಿದ್ದೆ. ಸ್ವಂತ ಖರ್ಚು ಅಂದರೆ ಒಂದು, ಹೆಚ್ಚೆಂದರೆ ಎರಡು ಸೆಕೆಂಡು. ಕಾರ್ಡು ಅಂದರೆ ಎಂಟು, ಒಂಬತ್ತು. ಆ ಎಂಟೊಂಬತ್ತು ಸೆಕೆಂಡುಗಳಲ್ಲಿ ಕೀಬೋರ್ಡಿನ ಸದ್ದೂ ಇರುತ್ತಿರಲಿಲ್ಲ. ಅಂದರೆ ಅವರು ಏನನ್ನೂ ಹುಡುಕುತ್ತಿರಲಿಲ್ಲ.

ಸ್ಕ್ರಿಪ್ಟಿನ ಅಕ್ಕನನ್ನು ಯಾರೋ ಮೇಜಿನ ಮುಂದೆ ಕೂತು ಬರೆದಿದ್ದರು. ನನಗೊಬ್ಬಳು ನಿಜವಾದ ಅಕ್ಕ ಇದ್ದಳು.

ರೆಡಿಮೇಡ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟುಗಳ ಉದ್ದ ಕತ್ತರಿಸಿ ಮಡಿಸಿ ಹೊಲಿಯುವುದು ಅವಳ ಕೆಲಸ. ಬಾಯಿ ತೆಗೆದರೆ ಅರಳು ಹುರಿದ ಹಾಗೆ ಮಾತು. ಗಿರಾಕಿ ಕನ್ನಡಿಯ ಮುಂದೆ ನಿಂತರೆ, "ಹೊಟ್ಟೆ ಒಳಗೆ ಎಳ್ಕೋಬೇಡಿ ಸರ್, ಆಮೇಲೆ ಮನೇಲಿ ಉಸಿರು ಬಿಟ್ರೆ ಗುಂಡಿ ಹಾರುತ್ತೆ" ಅನ್ನುತ್ತಿದ್ದಳು. ನನಗವಳು ಇಟ್ಟ ಹೆಸರು ಮೂಗ. "ನಿನ್ನ ಪಾಲಿನ ಮಾತೂ ನಾನೇ ಆಡ್ಬಿಡ್ತೀನಿ, ನೀನು ತೆಪ್ಪಗಿರೋ."

ಐದು ತಿಂಗಳಿಂದ ಆ ಮಾತು ಒಂದೊಂದೇ ಹನಿಯಾಗಿ ಇಂಗಿಹೋಗಿತ್ತು. ಸೂಜಿಗೆ ದಾರ ಪೋಣಿಸಿ ಸಂಜೆಯವರೆಗೂ ಹಾಗೇ ಕೂತಿರುತ್ತಿದ್ದಳು. ದಾರದ ಉದ್ದ ಒಂದಿಷ್ಟೂ ಕಡಿಮೆಯಾಗುತ್ತಿರಲಿಲ್ಲ. ಕಾರ್ಡು ತೋರಿಸಿ ಕ್ಲಿನಿಕ್ಕಿನಲ್ಲಿ ಹೆಸರು ಬರೆಸಿದ್ದೆ. ನಾಲ್ಕು ತಿಂಗಳು ಕಾಯಿರಿ ಅಂದಿದ್ದರು, ಅದರಲ್ಲಿ ಒಂದೂವರೆ ಕಳೆದಿತ್ತು. ಭಾನುವಾರ ಬೆಳಿಗ್ಗೆ ಅಕ್ಕ ಮನೆಯಲ್ಲಿದ್ದ ಮೂರು ಕತ್ತರಿಗಳನ್ನೂ ಬ್ಲೇಡಿನ ಪೊಟ್ಟಣವನ್ನೂ ತಂದು ನನ್ನ ಕೈಗಿಟ್ಟಳು. "ಇವು ನಿನ್ನ ಹತ್ರ ಇರ್ಲಿ." ಆಮೇಲೆ ಅವಳು ಮಾತಾಡಲಿಲ್ಲ. ಅವನ್ನು ಟವೆಲ್ಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೇ ನಾನು ಕೆಲಸಕ್ಕೆ ಹೋಗುತ್ತಿದ್ದೆ.

ಮಂಗಳವಾರ ಪಟ್ಟಿಯ ನೂರ ಹದಿನಾಲ್ಕನೆಯ ಸಾಲಿನಲ್ಲಿ ಬಂದದ್ದು ಅಕ್ಕನ ಹೆಸರು ಬರೆಸಿದ್ದ ಅದೇ ಕ್ಲಿನಿಕ್ಕು.

"ಸ್ವಂತ ಖರ್ಚಾ ಸರ್? ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಬನ್ನಿ, ಖಾಲಿ ಇದೆ." ಮೌನ ಒಂದು ಸೆಕೆಂಡು.

ಅರ್ಧ ಗಂಟೆಯ ನಂತರ, ಅದೇ ಹೆಣ್ಣುದನಿ: "ಕಾರ್ಡಿಗೆ ನಾಲ್ಕು ತಿಂಗಳಾಗುತ್ತೆ." ಮೌನ ಹನ್ನೊಂದು.

ಮಧ್ಯಾಹ್ನ ನಮ್ಮ ಮೇಲ್ವಿಚಾರಕಿ ಕುರ್ಚಿಯ ಹಿಂದೆ ಬಂದು ನಿಂತರು. ಎಲ್ಲರಿಗೂ ಬುದ್ಧಿ ಹೇಳುವ ಅವರನ್ನು ಬೆನ್ನ ಹಿಂದೆ ನಾವು ದೊಡ್ಡಮ್ಮ ಅನ್ನುತ್ತಿದ್ದೆವು.

"ನೂರ ಹದಿನಾಲ್ಕರ ಹತ್ತು ಗಂಟೆ ಇನ್ನೂ ರದ್ದಾಗಿಲ್ಲ. ಯಾಕಪ್ಪ, ಬೆರಳು ಸವೆದುಹೋಗುತ್ತಾ?"

ನಾನು ಅಕ್ಕನ ವಿಷಯ ಹೇಳಿದೆ, ಆ ಹತ್ತು ಗಂಟೆಗೆ ಅವಳನ್ನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಅವರು ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

"ನೋಡು, ಇದು ವರದಿಯಾಗುತ್ತೆ. ವರದಿ ನೋಡಿ ನಿಯಮ ಬದಲಾಗುತ್ತೆ. ನಿಮ್ಮಕ್ಕನಂಥ ಸಾವಿರ ಜನಕ್ಕೆ ಒಳ್ಳೇದಾಗುತ್ತೆ."

"ಯಾವಾಗ ಮೇಡಂ?"

"ಎರಡು ವರ್ಷ ಅಂತಿಟ್ಕೋ."

"ನಮ್ಮಕ್ಕ ಕತ್ತರಿ ಕೊಟ್ಟಿದ್ದು ಮೊನ್ನೆ ಭಾನುವಾರ."

ಅವರು ಕುರ್ಚಿಯನ್ನು ಇನ್ನೂ ಹತ್ತಿರ ಎಳೆದು ದನಿ ತಗ್ಗಿಸಿದರು. "ಅಲ್ಲಿ ಹೋಗಿ ಬಾಯಿ ಬಿಟ್ರೆ ನಾವು ಯಾರು ಅಂತ ಎಲ್ಲಾ ಕಡೆ ಗೊತ್ತಾಗುತ್ತೆ. ಮಾಡಿದ ಕೆಲಸ ಎಲ್ಲಾ ನೀರಲ್ಲಿ ಹೋಮ. ನಿನ್ನ ಕೆಲಸಾನೂ ಹೋಗುತ್ತೆ."

"ಹೋಗ್ಲಿ."

ಹೊರಡುವಾಗ ನೂರ ಹದಿನಾಲ್ಕರ ಫಾರಂ ಮಡಿಸಿ ಜೇಬಿಗಿಟ್ಟುಕೊಂಡೆ. ಅವರು ನೋಡಿದರು. ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಹಾಲಿನಲ್ಲಿ ಒಂದಕ್ಕೊಂದು ಬೆಸೆದ ಉಕ್ಕಿನ ಕುರ್ಚಿಗಳು. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲಿಗೆ ಸಾಲೇ ನಡುಗುತ್ತಿತ್ತು. ಅಕ್ಕನನ್ನು ತುದಿಯಲ್ಲಿ ಕೂರಿಸಿ ಕೌಂಟರಿಗೆ ಹೋದೆ. ಫೋನಿನಲ್ಲಿ ಕೇಳಿದ ದನಿಯ ಹುಡುಗಿಯೇ ಕೂತಿದ್ದಳು. ನಿದ್ದೆಗೆಟ್ಟ ಕಣ್ಣು, ಕಿವಿಯ ಹಿಂದೆ ಪೆನ್ನು. ಹತ್ತು ಗಂಟೆಗೆ ಬರೆಸಿದ್ದ ಸ್ಕ್ರಿಪ್ಟಿನ ಹೆಸರು ಹೇಳಿದೆ. ನಕ್ಕು ರಸೀದಿ ಪುಸ್ತಕ ತೆರೆದಳು. ಕಾರ್ಡು ಇಟ್ಟೆ. ನಗು ನಿಂತಿತು.

"ಸರ್, ಹತ್ತು ಗಂಟೆ ಕಾರ್ಡಿಗಲ್ಲ."

"ಡಾಕ್ಟರು ಬೇರೆಯವರಾ?"

"ಅವರೇ."

"ಕೋಣೆ?"

"ಅದೇ ಸರ್."

"ಮತ್ತೆ ಕಾರ್ಡಿನವರಿಗೆ ಗಡಿಯಾರ ಬೇರೇನಾ?"

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಾನು ಮಾತು ಬಲ್ಲವನಲ್ಲ. ಹಿಂದಿನ ಸಾಲಿನಲ್ಲಿ ಬಿಳಿ ಗಡ್ಡದವರೊಬ್ಬರು ರೇಗಿದರು.

"ರೀ, ಸಾಲು ಮುರೀಬೇಡಿ. ನಂದೂ ಕಾರ್ಡೇ. ಮಗನ್ನ ಕರ್ಕೊಂಡು ನಾಲ್ಕು ತಿಂಗಳು ಕಾದು ಬಂದಿದೀನಿ. ನಿಮಗೇನು ಕೊಂಬಿದೆಯಾ?"

ನಾನು ಜೇಬಿನಿಂದ ಫಾರಂ ತೆಗೆದು ಓದಿದೆ. ನಿನ್ನೆ ಹನ್ನೊಂದು ಗಂಟೆ ಐದು ನಿಮಿಷ, ಸ್ವಂತ ಖರ್ಚು, ನಾಳೆ ಹತ್ತು ಗಂಟೆ. ಹನ್ನೊಂದು ಮೂವತ್ತೈದು, ಕಾರ್ಡು, ನಾಲ್ಕು ತಿಂಗಳು. "ಎರಡೂ ದನಿ ನಂದೇ. ಎರಡು ಸಲಾನೂ ಫೋನ್ ಎತ್ತಿದ್ದು ಇವರೇ." ಹುಡುಗಿ ತಲೆ ತಗ್ಗಿಸಿದಳು. ಗಡ್ಡದವರು ಎದ್ದು ಕೌಂಟರಿನ ಹತ್ತಿರ ಬಂದರು. ಈಗ ಅವರು ನನ್ನನ್ನು ನೋಡುತ್ತಿರಲಿಲ್ಲ.

"ತಾಯೀ, ಈ ನಾಲ್ಕು ತಿಂಗಳೂ ಹತ್ತು ಗಂಟೆ ಖಾಲಿ ಇತ್ತಾ?"

ನಾನು ಎಣಿಸಿದೆ. ಏಳು, ಎಂಟು, ಒಂಬತ್ತು.

"ದಿನಾ ಇರಲ್ಲ ಯಜಮಾನ್ರೇ," ಅಂದಳು ಸಣ್ಣಗೆ. "ಕೆಲವು ದಿನ ಇರುತ್ತೆ. ತುಂಬಬೇಡ ಅಂತ ಹೇಳಿದಾರೆ. ನನ್ನ ಕೈಲಿಲ್ಲ."

ಒಳಗಿನಿಂದ ಮ್ಯಾನೇಜರು ಬಂದ. ದನಿ ತಗ್ಗಿಸಿ, ಆಚೆ ಬನ್ನಿ ಸರ್, ಮಾತಾಡೋಣ ಅಂದ. ಇಲ್ಲೇ ಮಾತಾಡಿ ಅಂದೆ. ಸೆಕ್ಯೂರಿಟಿ ಕರೀಬೇಕಾಗುತ್ತೆ ಅಂದ. ಕರೀರಿ ಅಂದೆ. ಗಡ್ಡದವರು ನನ್ನ ಪಕ್ಕಕ್ಕೆ ಬಂದು ನಿಂತು, "ಇಬ್ಬರನ್ನ ಕರೀರಪ್ಪ, ಒಬ್ಬ ಸಾಲಲ್ಲ" ಅಂದರು.

ಅಷ್ಟರಲ್ಲಿ ಒಳಬಾಗಿಲು ತೆರೆಯಿತು. ಡಾಕ್ಟರು ಕನ್ನಡಕ ಒರೆಸುತ್ತ ಇಣುಕಿದರು. ಈ ಗಲಾಟೆ ಅವರ ಬಾಗಿಲಾಚೆಗೆ ಹೋದಂತಿರಲಿಲ್ಲ.

"ಹತ್ತು ಗಂಟೆಯ ಪೇಷಂಟು ಯಾರು?"

ಮ್ಯಾನೇಜರು ಬಾಯಿ ತೆರೆದ. ನಾನೂ ತೆರೆದೆ. ಉಕ್ಕಿನ ಸಾಲು ನಡುಗಿತು.

"ನಾನೇ."

ಅಕ್ಕ ಎದ್ದು ನಿಂತಿದ್ದಳು. ಬಳಸದೆ ತುಕ್ಕು ಹಿಡಿದ ದನಿ. ಮ್ಯಾನೇಜರನ ಪಕ್ಕದಿಂದಲೇ ಹಾದು, ಅವನು ಸರಿಯುವವರೆಗೂ ಕಾಯದೆ, ಭುಜ ತಾಗಿಸಿಕೊಂಡೇ ಒಳಗೆ ಹೋದಳು. ಬಾಗಿಲು ಮುಚ್ಚಿತು.

ನಲವತ್ತು ನಿಮಿಷ ನಾನು ಹೊರಗೆ ಕೂತಿದ್ದೆ. ಫೋನು ನಾಲ್ಕು ಸಲ ಅಲುಗಿತು. ನಾಲ್ಕನೆಯದು ದೊಡ್ಡಮ್ಮನ ಸಂದೇಶ: ನಾಳೆಯಿಂದ ಬರಬೇಡ, ನೂರ ಹದಿನಾಲ್ಕನೇ ಸಾಲು ಅಳಿಸಬೇಕಾಗುತ್ತೆ. ನಾನು ಬರೆದೆ: ಅಳಿಸಬೇಡಿ ಮೇಡಂ, ನಿಜ ಇರೋದು ಅದೊಂದೇ.

ಅಕ್ಕ ಹೊರಗೆ ಬಂದಾಗ ಕಣ್ಣು ಊದಿಕೊಂಡಿತ್ತು. ಕೈಯಲ್ಲಿ ಒಂದು ಚೀಟಿ: ಮುಂದಿನ ಬುಧವಾರ ಮತ್ತೆ ಬರಬೇಕು. ಸಲಹೆಗಳಲ್ಲಿ ಮೊದಲನೆಯದು, ಕತ್ತರಿಗಳು ಸದ್ಯಕ್ಕೆ ತಮ್ಮನ ಬಳಿಯೇ ಇರಲಿ. ಹಾಗಾದರೆ ಕತ್ತರಿಗಳ ವಿಷಯ ಅವಳೇ ಹೇಳಿದ್ದಾಳೆ. ನನ್ನ ಪಾಲಿನ ಮಾತನ್ನೂ ಅವಳೇ ಆಡಿಬಂದಿದ್ದಳು.

ಕೌಂಟರಿನಲ್ಲಿ ಹುಡುಗಿ ಚೀಟಿ ನೋಡಿದಳು. ಕಂಪ್ಯೂಟರ್ ಪರದೆಯ ಮೇಲೆ ಎರಡು ಪಟ್ಟಿ ಇದ್ದವು, ಸ್ವಂತ ಖರ್ಚಿನವರದೊಂದು, ಕಾರ್ಡಿನವರದೊಂದು. ಅವಳ ಹಿಂದೆ ಮ್ಯಾನೇಜರು ಕೈಕಟ್ಟಿ ನಿಂತಿದ್ದ. ನಮ್ಮ ಹಿಂದೆ ಗಡ್ಡದವರು, ಅವರ ಮಗ, ಮತ್ತೆ ನಾಲ್ಕೈದು ಕಾರ್ಡಿನವರು.

"ಬುಧವಾರ... ಸ್ವಂತ ಖರ್ಚಾ?"

ಅಕ್ಕ ಕಾರ್ಡನ್ನು ಕೌಂಟರಿನ ಮೇಲಿಟ್ಟು, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ತೋರುಬೆರಳಿನಿಂದ ಅದನ್ನು ಒತ್ತಿ ಹಿಡಿದಳು. ಮ್ಯಾನೇಜರು ಕೆಮ್ಮಿದ. ಬೆರಳು ಕದಲಲಿಲ್ಲ. ನಾನು ಎಣಿಸುತ್ತ ಹೋದೆ. ಹನ್ನೊಂದು ದಾಟಿತು. ಹದಿನೈದು ದಾಟಿತು. ಹತ್ತೊಂಬತ್ತಕ್ಕೆ ಹುಡುಗಿ ಹಿಂದೆ ತಿರುಗಿ ನೋಡದೆ ಕೀಬೋರ್ಡಿನ ಮೇಲೆ ಕೈಯಿಟ್ಟಳು.

"ಹತ್ತು ಗಂಟೆಗೆ ಬನ್ನಿ," ಅಂದಳು.