ದಪ್ಪ ತಂತಿಯ ನಡುಕ

ಬೇಸ್ ಗಿಟಾರಿನ ದಪ್ಪ ತಂತಿಯನ್ನು ಮೀಟಿದಾಗ ಅದು ಒಂದಾಗಿ ಕಾಣುವುದಿಲ್ಲ. ಎರಡು ತಂತಿಗಳು, ನಡುವೆ ಹೊಗೆಯಂಥ ತೆಳು ಪರದೆ. ಸದ್ದು ಸಾಯುತ್ತಿದ್ದ ಹಾಗೆ ಎರಡೂ ಮತ್ತೆ ಒಂದಾಗುತ್ತವೆ. ಆ ವರ್ಷ ನಾನು ಆ ನಡುಕವನ್ನು ನೋಡಿದಷ್ಟು ಬೇರೆ ಯಾವುದನ್ನೂ ನೋಡಿರಲಿಲ್ಲ. ಅದರೊಳಗೆ ಎಲ್ಲೋ ಒಂದು ಕಳ್ಳ ಸದ್ದು ಬಂದು ಕೂತಿತ್ತು.

ಆಗ ನಾನು ದಾನಿಯೇಲ ಮಾಸ್ತರರ ಆರ್ಕೆಸ್ಟ್ರಾದಲ್ಲಿದ್ದೆ. ಮದುವೆ, ಆರತಕ್ಷತೆ, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದೆವು. ಒಂದು ದಿನ ಅಭ್ಯಾಸದ ನಡುವೆ ಮಾಸ್ತರರು ಕೈಯೆತ್ತಿ ಹಾಡು ನಿಲ್ಲಿಸಿದರು.

"ಏನಯ್ಯಾ ಅದು, ಡಬ್ಬಿಯೊಳಗೆ ಜೀರುಂಡೆ ಹಾಕಿದ ಹಾಗೆ?"

ನನಗೂ ಕೇಳಿಸಿತ್ತು. ಪ್ರತಿ ಸ್ವರದ ಬಾಲಕ್ಕೂ 'ಜರ್ರ್' ಎಂದು ಅಂಟಿಕೊಂಡು ಬರುತ್ತಿತ್ತು.

"ಸರಿ ಮಾಡ್ಕೊ. ಇಲ್ಲದಿದ್ರೆ ಯತಿರಾಜನ ಎಡಗೈಯೇ ಸಾಕು ನಮಗೆ," ಎಂದು ನಕ್ಕರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯತಿರಾಜ ಹೊಸದಾಗಿ ಸೇರಿದ್ದ ಕೀಬೋರ್ಡಿನ ಹುಡುಗ. ಬಲಗೈಯಲ್ಲಿ ಹಾಡು ನುಡಿಸುತ್ತಲೇ ಎಡಗೈಯಲ್ಲಿ ನನ್ನ ಇಡೀ ಬೇಸನ್ನು ನುಡಿಸಬಲ್ಲವನಾಗಿದ್ದ. ಬೇರೆ ತಂಡಗಳಲ್ಲಿ ಬೇಸಿನವರು ಒಬ್ಬೊಬ್ಬರಾಗಿ ಮನೆ ಸೇರುತ್ತಿದ್ದ ಕಾಲ ಅದು. ಅವನು ಬಂದದ್ದಕ್ಕೂ ಈ ಸದ್ದು ಬಂದದ್ದಕ್ಕೂ ಹೆಚ್ಚು ಅಂತರವಿರಲಿಲ್ಲ.

ಮನೆಗೆ ತಂದು ಗಿಟಾರಿನ ಅಂಗಾಂಗ ಜಾಲಾಡಿದೆ. ಹೊಸ ತಂತಿ ಕಟ್ಟಿದೆ. ಕತ್ತಿನೊಳಗಿನ ಕಬ್ಬಿಣದ ಸರಳನ್ನು ಸ್ವಲ್ಪವೇ ಸಡಿಲಿಸಿ, ನೆಟ್ಟಗಾಗಿದ್ದ ಕತ್ತಿಗೆ ತುಸು ಬಾಗು ಕೊಟ್ಟೆ. ತಂತಿ ಕೂರುವ ಕುದುರೆಯನ್ನು ಎತ್ತರಿಸಿದೆ. ಬಿರಡೆಗಳ ತಿರುಪುಗಳನ್ನೆಲ್ಲ ಬಿಗಿ ಮಾಡಿದೆ. ಮೀಟಿದರೆ ಸದ್ದು ಕಡೆದ ಬೆಣ್ಣೆಯಂತೆ ನುಣುಪಾಗಿ ಬಂತು. ಸಮಾಧಾನದಿಂದ ಮಲಗಿದೆ.

ಮರುದಿನ ಅಭ್ಯಾಸಕ್ಕೆ ಕೂತರೆ ಮತ್ತೆ 'ಜರ್ರ್'.

ಮನೆಯಲ್ಲಿ ಇಲ್ಲದ ರೋಗ ಇಲ್ಲಿ ಬರುವುದೆಂದರೆ ಇಲ್ಲಿ ಯಾರೋ ಕೈ ಹಾಕುತ್ತಿದ್ದಾರೆ. ಚಹಾ ಕುಡಿದು ಬೇಗನೆ ಒಳಗೆ ಬಂದ ಒಂದು ಮಧ್ಯಾಹ್ನ ಯತಿರಾಜ ನನ್ನ ಗಿಟಾರಿನ ಮೇಲೆ ಬಗ್ಗಿದ್ದ.

"ಏನ್ ಮಾಡ್ತಿದ್ದೀಯಾ?"

ಅವನು ಬೆಚ್ಚಿದ. "ಬಿಸಿಲು ಬೀಳ್ತಿತ್ತು ಅಣ್ಣಾ. ಸರಿಸಿಟ್ಟೆ."

ಕಿಟಕಿಯಿಂದ ಬಿಸಿಲೇನೋ ಬೀಳುತ್ತಿತ್ತು. ಆದರೆ ಕಳ್ಳನಿಗೆ ನೆಪಕ್ಕೆ ಬರವೇ ಎಂದುಕೊಂಡೆ. ಅಂದಿನಿಂದ ಚಹಾದಂಗಡಿಗೂ ಗಿಟಾರನ್ನು ಹೆಗಲಿಗೇರಿಸಿಕೊಂಡೇ ಹೋದೆ. ತಿರುಪುಗಳ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆದಿಟ್ಟೆ. ಗೆರೆಗಳು ಕೂದಲೆಳೆಯಷ್ಟೂ ಕದಲಲಿಲ್ಲ. ಸದ್ದು ಮಾತ್ರ ಹೋಗಲಿಲ್ಲ. ಯಾರೂ ಮುಟ್ಟದ ಗಿಟಾರು ಕೆಡುತ್ತಿದೆ ಎಂದಾದಾಗ ನನ್ನ ಅನುಮಾನ ಆರುವ ಬದಲು ಇನ್ನೂ ಹಬ್ಬಿತು. ಡ್ರಮ್ಮಿನವನು ಕೆಮ್ಮಿದರೂ ಸನ್ನೆಯಿರಬೇಕೆಂದು ತಿರುಗಿ ನೋಡುತ್ತಿದ್ದೆ.

ಕಡೆಗೊಂದು ದಿನ ಯತಿರಾಜನೇ ನುಡಿಸುವುದನ್ನು ನಿಲ್ಲಿಸಿ ಹತ್ತಿರ ಬಂದ.

"ಅಣ್ಣಾ, ನನ್ನ ಮೇಲಿನ ಸಿಟ್ಟು ತಂತಿ ಮೇಲೆ ಯಾಕೆ? ಹೀಗೆ ಕಿತ್ತುಹೋಗೋ ಹಾಗೆ ಮೀಟಿದ್ರೆ ಯಾವ ಗಿಟಾರು ಜರ್ರ್ ಅನ್ನಲ್ಲ?"

ಉರಿದುಹೋಯಿತು. ಆದರೂ ಅದೇ ಬಲದಲ್ಲಿ ಮತ್ತೊಮ್ಮೆ ಮೀಟಿ, ತಲೆ ಬಗ್ಗಿಸಿ ನೋಡಿದೆ. ದಪ್ಪ ತಂತಿ ಎರಡಾಗಿ ಕಾಣುತ್ತಿತ್ತು. ಆದರೆ ಆ ಎರಡರ ನಡುವೆ ಸೀಸದಕಡ್ಡಿ ತೂರುವಷ್ಟು ಅಂತರ. ಅಷ್ಟಗಲ ಬೀಸಿದ ತಂತಿ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ ಬಡಿಯದೆ ಇನ್ನೇನು ಮಾಡೀತು? ಮೆಲ್ಲನೆ ಮೀಟಿದೆ. ಜರ್ರ್ ಇಲ್ಲ. ಆದರೆ ಉಳಿದವರ ಸದ್ದಿನಲ್ಲಿ ನನ್ನ ಸದ್ದೂ ನನಗೆ ಕೇಳಿಸಲಿಲ್ಲ.

ಅಲ್ಲಿ ಹೊಳೆಯಿತು. ನನಗೆ ನಾನು ಕೇಳಿಸದೆ ಇಷ್ಟು ದಿನ ಬಲ ಹಾಕುತ್ತ ಬಂದಿದ್ದೆ. ಧ್ವನಿವರ್ಧಕ ನೋಡಿಕೊಳ್ಳುವ ಬಾಬುಜಾನನ ಬಳಿಗೆ ಹೋದೆ. ಅವನ ಮುಂದೆ ಒಬ್ಬೊಬ್ಬರ ಸದ್ದನ್ನು ಏರಿಸಿ ಇಳಿಸುವ ಗುಬುಟುಗಳ ಸಾಲಿನಲ್ಲಿ ನನ್ನದು ನೆಲಕಚ್ಚಿತ್ತು.

"ಇಳಿಸೋಕೆ ಯಾರು ಹೇಳಿದ್ದು? ಯತಿರಾಜನಾ?"

ಬಾಬುಜಾನ್ ವೈರು ಸುತ್ತುತ್ತ ಕೂತ. ಮತ್ತೆ ಕೇಳಿದಾಗ ಬೇರೆಲ್ಲೋ ನೋಡುತ್ತ ಅಂದ: "ಅವನಲ್ಲಪ್ಪ. ಕಸ್ತೂರಕ್ಕ."

ಕಸ್ತೂರಕ್ಕ ನಮ್ಮ ತಂಡದ ಹಿರಿಯ ಗಾಯಕಿ. ನನ್ನನ್ನು ಮಾಸ್ತರರ ಮುಂದೆ ನಿಲ್ಲಿಸಿ "ಇವನನ್ನ ಇಟ್ಕೊಳ್ಳಿ" ಎಂದಿದ್ದವಳೇ ಅವಳು. ಹಿತ್ತಲ ಮೆಟ್ಟಿಲ ಮೇಲೆ ಕೂತು ಬಿಸಿನೀರು ಗುಟುಕರಿಸುತ್ತಿದ್ದಳು. ಕೇಳಿದೆ. ಅವಳು ಇಲ್ಲವೆನ್ನಲಿಲ್ಲ.

"ಮೇಲಿನ ಸ್ವರ ನಿಲ್ತಿಲ್ಲ ಕಣೋ. ಏರೋಕೆ ಹೋದ್ರೆ ಕೆಳಕ್ಕೆ ಜಾರುತ್ತೆ. ಅಡಿಯಲ್ಲಿ ನಿನ್ನ ಬೇಸ್ ಗಟ್ಟಿಯಾಗಿದ್ರೆ ಎಷ್ಟು ಜಾರಿದ್ದೀನಿ ಅಂತ ಕಿವುಡನಿಗೂ ಗೊತ್ತಾಗುತ್ತೆ."

"ಶ್ರುತಿ ಇಳಿಸಿ ಅಂತ ಮಾಸ್ತರಿಗೆ ಹೇಳಬಹುದಿತ್ತಲ್ಲ ಅಕ್ಕಾ."

"ಹೇಳಿದ ದಿನವೇ ಚಿಕ್ಕ ಹುಡುಗಿ ಒಬ್ಬಳನ್ನ ಹುಡುಕೋಕೆ ಶುರು ಮಾಡ್ತಾರೆ. ನಿನಗೆ ಗೊತ್ತಿಲ್ವಾ ಆ ಭಯ?"

ಗೊತ್ತಿತ್ತು. ಅದೇ ಭಯದಿಂದ ನಾನು ಚಹಾದಂಗಡಿಯಲ್ಲಿ ಗಿಟಾರು ತಬ್ಬಿಕೊಂಡು ಕೂತಿದ್ದೆ. ಅವಳ ಮೇಲೆ ಬಂದಿದ್ದ ಕೋಪವನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಅವಳ ಹೆಸರೆತ್ತದೆ ಶ್ರುತಿ ಇಳಿಸಲು ನನಗೆ ಬೇಕಾಗಿದ್ದವನು ಯತಿರಾಜ. ಎಲ್ಲ ಹೇಳಿದೆ. ಅವನು ಕೀಬೋರ್ಡಿನಿಂದ ಕೈ ತೆಗೆದ.

"ಇದನ್ನ ನನಗೆ ಹೇಳ್ತಿದ್ದೀರಲ್ಲ ಅಣ್ಣಾ. ನಂಬಿಕೆ ಬಂತಾ?"

"ಪೂರ್ತಿ ಬಂದಿಲ್ಲ," ಎಂದೆ. ಅವನು ನಕ್ಕುಬಿಟ್ಟ.

ಮುಂದಿನ ಆರತಕ್ಷತೆಗೆ ಮುಂಚೆ ಮಾಸ್ತರರ ಬಳಿ ಹೋಗಿ, ಹಾಡುಗಳ ಶ್ರುತಿ ಸ್ವಲ್ಪ ಇಳಿಸಿದರೆ ನನ್ನ ದಪ್ಪ ತಂತಿಯನ್ನು ಒತ್ತದೆ ಬಿಡಿಯಾಗಿ ನುಡಿಸಬಹುದು, ಆ ಹಾಳು ಸದ್ದು ನಿಲ್ಲುತ್ತದೆ ಎಂದೆ. ಯತಿರಾಜ ಹೌದೆಂದು ತಲೆಯಾಡಿಸಿ, "ನನಗೇನು, ಒಂದು ಗುಂಡಿ ಒತ್ತಿದ್ರೆ ಕೀಬೋರ್ಡಿನ ಶ್ರುತಿ ತಾನೇ ಇಳಿಯುತ್ತೆ," ಎಂದ. ಮಾಸ್ತರರು ನನ್ನನ್ನೂ ಅವನನ್ನೂ ದಿಟ್ಟಿಸಿದರು.

"ನಿನ್ನೆವರೆಗೆ ಹಾವು ಮುಂಗುಸಿ. ಇವತ್ತು ಒಂದೇ ರಾಗ. ಏನೋ ನಡೆಸಿದ್ದೀರಿ ನೀವು." ಆಮೇಲೆ ಕಸ್ತೂರಕ್ಕನತ್ತ ತಿರುಗಿ ಕೇಳಿದರು: "ನಿನಗೆ ಆಗುತ್ತೇನಮ್ಮಾ?"

"ಅವನಿಗೋಸ್ಕರ ತಾನೆ, ಆಗಲಿ," ಎಂದಳು ಅವಳು, ನನ್ನತ್ತ ನೋಡದೆ.

ಆರತಕ್ಷತೆಯಲ್ಲಿ ಬಾಬುಜಾನ್ ನನ್ನ ಗುಬುಟನ್ನು ಏರಿಸಿದ. ನಾನು ಬೆರಳ ತುದಿಯಿಂದ ಮಾತ್ರ ಮೀಟಿದೆ. ಕಸ್ತೂರಕ್ಕ ಮೊದಲ ಚರಣದಲ್ಲಿ ಅಳುಕುತ್ತ, ಎರಡನೆಯದರಲ್ಲಿ ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಏರಿದಳು. ಏರಿ, ಅಲ್ಲೇ ನಿಂತಳು. ಮಾಸ್ತರರ ಮುಖ ನನಗೆ ಕಾಣುವಂತಿರಲಿಲ್ಲ. ಕಂಡದ್ದು ಚಪ್ಪರದ ಆಚೆ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದ ಒಬ್ಬ ಬಾಣಸಿಗ. ಎತ್ತಿ ಹಿಡಿದ ಸೌಟಿನಿಂದ ಮಜ್ಜಿಗೆಹುಳಿ ಅವನ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.